ಹಕ್ಕಿ ನೋಡೋಕೆ ಜೂಮ್ ಬೈನಾಕ್ಯುಲರ್ ತಗೊಳ್ಳೋದಾ, 8×42 ಸಾಕಾ?

ಕೆರೆದಂಡೆ (ಪಾಂಡವಪುರ):
ನಮಸ್ಕಾರ. ನಾನು ಹೈಸ್ಕೂಲ್ ಮೇಷ್ಟ್ರು. ಡಿಸೆಂಬರ್‌ನಲ್ಲಿ ಮಕ್ಕಳನ್ನ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಕರ್ಕೊಂಡು ಹೋಗಿ ಪಟ್ಟೆತಲೆ ಹೆಬ್ಬಾತು ತೋರಿಸ್ಬೇಕು ಅಂತ ಆಸೆ. ಇಷ್ಟು ದಿನ ಸ್ನೇಹಿತರ ಬೈನಾಕ್ಯುಲರ್ ಇಸ್ಕೊಂಡು ನೋಡ್ತಿದ್ದೆ. ಈಗ 8,000 ರೂಪಾಯಿ ಕೂಡಿಟ್ಟಿದ್ದೀನಿ. ಅದೇ ದುಡ್ಡಿಗೆ 8×42 (8 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜಿನ ಅಗಲ 42 ಮಿ.ಮೀ.) ಬರುತ್ತೆ, ಪವರ್ 10ರಿಂದ 30ರವರೆಗೆ ಬದಲಾಯಿಸಬಹುದಾದ 10-30×50 ಜೂಮೂ ಬರುತ್ತೆ. ಹುಡುಗರು "ಸಾ, ಮೂವತ್ತರದ್ದೇ ತಗೊಳಿ" ಅಂತಾವೆ. ನಾನು ಕನ್ನಡಕ ಹಾಕ್ತೀನಿ. ಬಳಸಿರೋರು ಹೇಳಿ.

ಲಿಂಗಾಂಬುಧಿ (ಮೈಸೂರು):
ಮೇಷ್ಟ್ರೇ, ದಯವಿಟ್ಟು ಜೂಮ್ ಬೇಡ. ನಾನು ತಗೊಂಡು ಪಟ್ಟ ಪಾಡು ಸಾಕು.

ರಂಗನತಿಟ್ಟಲ್ಲಿ ದೋಣಿ ಹತ್ತಿ ಕೂತೆ. ಬಂಡೆ ಮೇಲೆ ಬಣ್ಣದ ಕೊಕ್ಕರೆ ನಿಂತಿತ್ತು. ಜೂಮ್ ಸನ್ನೆ ತಳ್ಳಿ ಮೂವತ್ತಕ್ಕೆ ತಂದ್ರೆ ಹಕ್ಕಿ ಬಿಟ್ಟು ಮಿಕ್ಕಿದ್ದೆಲ್ಲ ಕಂಡಿತು. ನಮ್ಮ ಕೈನಡುಕವೂ ಮೂವತ್ತರಷ್ಟು ದೊಡ್ಡದಾಗುತ್ತಲ್ಲ! ಹತ್ತಕ್ಕೆ ಇಳಿಸಿದ್ರೆ ಕೊಳವೆಯೊಳಗಿಂದ ಇಣುಕಿದ ಹಾಗೆ, ಹಾರೋ ಹಕ್ಕಿ ಹಿಡಿಯೋಕೇ ಆಗ್ಲಿಲ್ಲ. ಆರು ತಿಂಗಳಿಗೆ ಎರಡು ಕೊಳವೆಗಳ ಜೂಮ್ ಒಂದಕ್ಕೊಂದು ಹೊಂದದೆ ಒಂದು ಕೊಕ್ಕರೆ ಎರಡಾಯ್ತು. ಹತ್ತು ನಿಮಿಷ ನೋಡಿದ್ರೆ ತಲೆನೋವು.

ಬೆಳಕಿನ ಲೆಕ್ಕ ಸುಲಭ. ಮುಂದಿನ ಗಾಜಿನ ಅಗಲವನ್ನ ಪವರ್‌ನಿಂದ ಭಾಗಿಸಿ. 42ನ್ನ 8ರಿಂದ ಭಾಗಿಸಿದ್ರೆ 5.25 ಮಿ.ಮೀ.; ಅಷ್ಟಗಲದ ಬೆಳಕು ಕಣ್ಣಿಗೆ ಬರುತ್ತೆ. 50ನ್ನ 30ರಿಂದ ಭಾಗಿಸಿ, 1.7 ಮಿ.ಮೀ. ಕೂಡ ಇಲ್ಲ. ಬೆಳಗಿನ ಮಬ್ಬಲ್ಲಿ, ಹಕ್ಕಿ ಚುರುಕಾಗಿರೋ ಹೊತ್ತಲ್ಲೇ, ಅದು ಕತ್ತಲೆ. ಅಂಗಡೀಲಿ ಬೈನಾಕ್ಯುಲರನ್ನ ಕೈ ನೀಡಿ ದೂರ ಹಿಡಿದು ಕಣ್ಣಿನ ಕಡೆಯ ಗಾಜು ನೋಡಿ. ಬೆಳ್ಳಗೆ ಎರಡು ಪುಟ್ಟ ವೃತ್ತ ಕಾಣುತ್ತೆ. ಜೂಮ್ ತಿರುಗಿಸ್ತಾ ಹೋದ್ರೆ ಅವು ಸಾಸಿವೆ ಕಾಳಾಗ್ತವೆ.

ಕನ್ನಡಕದೋರಿಗೆ ಐ ರಿಲೀಫ್ (ಕಣ್ಣು ಗಾಜಿನಿಂದ ಎಷ್ಟು ದೂರ ಇದ್ರೂ ಪೂರ್ತಿ ಚಿತ್ರ ಕಾಣುತ್ತೆ ಅನ್ನೋ ಅಳತೆ) 15 ಮಿ.ಮೀ.ಗಿಂತ ಕಡಿಮೆ ಇರಬಾರ್ದು. ರಬ್ಬರ್ ಬಟ್ಟಲು ಒಳಕ್ಕೆ ತಿರುಗಿಸಿ, ಕನ್ನಡಕ ಹಾಕ್ಕೊಂಡೇ ಪರೀಕ್ಷೆ ಮಾಡಿ.

ಹೆಜ್ಜಾರ್ಲೆ (ಮದ್ದೂರು):
ಲಿಂಗಾಂಬುಧಿ ಮೇಡಂ ಹೇಳಿದ್ದು ಕೈಯಲ್ಲಿ ಹಿಡಿಯೋ ಮಾತಿಗೆ ಸರಿ. ನಮ್ಮ ಕೊಕ್ಕರೆ ಬೆಳ್ಳೂರಲ್ಲಿ ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು, 8 ಧಾರಾಳ ಆಯ್ತು. ಆದ್ರೆ ಹದಿನಾರು ಕೆರೆ ಬೇರೆ. ಹೆಬ್ಬಾತುಗಳು ರಾತ್ರಿ ಗದ್ದೆಗೆ ಮೇಯೋಕೆ ಹೋಗಿ, ಹಗಲು ನಡುನೀರಲ್ಲಿ ತಂಗ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಬಾತುಗಳು ಮೈಸೂರು ಸುತ್ತಮುತ್ತಲ ಕೆರೆಗಳಲ್ಲಿ ಕಂಡಿದ್ದುಂಟು. ಪಟ್ಟಿ ಮೇಲಿನ ಅಕ್ಷರ ಓದೋಕೆ 8ರಿಂದ ಆಗಲ್ಲ. ಅಲ್ಲಿಗೆ ಟ್ರೈಪಾಡ್ ಮೇಲೆ 20-60ರ ಸ್ಪಾಟಿಂಗ್ ಸ್ಕೋಪೇ (ಒಂದೇ ಕಣ್ಣಲ್ಲಿ ನೋಡೋ ದೂರದರ್ಶಕ) ಬೇಕು. ಒಂದೇ ಕೊಳವೆ, ಹೊಂದಾಣಿಕೆ ತಪ್ಪೋ ಪ್ರಶ್ನೆಯೇ ಇಲ್ಲ. ಅದರಲ್ಲೂ ಬಿಸಿಲೇರಿದ ಮೇಲೆ ನೀರಿನ ಝಳಕ್ಕೆ ಚಿತ್ರ ಕುದಿಯುತ್ತೆ. 25, 30ರಲ್ಲೇ ನಿಲ್ಲಿಸ್ತೀನಿ.

ಕೆರೆದಂಡೆ (ಪಾಂಡವಪುರ):
ಶನಿವಾರ ಅಂಗಡೀಗೆ ಹೋಗಿ ಎರಡನ್ನೂ ಕೈ ನೀಡಿ ಹಿಡಿದು ನೋಡ್ದೆ. ಮೇಡಂ ಹೇಳಿದ ಸಾಸಿವೆ ಕಾಳು ಹಾಗೇ ಕಾಣ್ತು. 8×42 ತಂದೆ. ಇವತ್ತು ಕೆರೆ ಏರಿ ಮೇಲೆ ಒಂದು ಹುಡುಗಿ ಮಿಂಚುಳ್ಳಿ ನೋಡಿ, "ಸಾ, ಕೊಕ್ಕಿಂದ ನೀರು ತೊಟ್ಟಿಕ್ತೈತೆ" ಅಂದಳು.

ಮದ್ದೂರಿನೋರೆ, ಡಿಸೆಂಬರ್ ಕೊನೇ ಭಾನುವಾರ ನಿಮ್ಮ ಸ್ಕೋಪ್ ತಗೊಂಡು ಹದಿನಾರಿಗೆ ಬರೋಕಾಗುತ್ತಾ? ನಾವು 18 ಜನ ಇರ್ತೀವಿ. ತಿಂಡಿ ನಮ್ಮ ಕಡೆಯಿಂದ.