6 ಮಿ.ಮೀ. ಕಿಡ್ನಿ ಸ್ಟೋನ್, ಈಗ ನೋವಿಲ್ಲ. ಬಿದ್ದುಹೋಗಿದೆ ಅಂದುಕೊಳ್ಳಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನ್ರಿಗೆ 42 ವರ್ಷ. ಹೋದ ವಾರ ಎಡಗಡೆ ಪಕ್ಕೆಯಿಂದ ತೊಡೆಸಂದಿವರೆಗೂ ವಿಪರೀತ ನೋವು, ವಾಂತಿ. ಸಿ.ಟಿ. ಸ್ಕ್ಯಾನ್‌ನಲ್ಲಿ ಎಡ ಮೂತ್ರನಾಳದ ಕೆಳತುದಿಯಲ್ಲಿ 6 ಮಿ.ಮೀ. ಕಲ್ಲು ಅಂತ ಬಂತು. ಮಾತ್ರೆ ಬರೆದುಕೊಟ್ಟಿದ್ದಾರೆ, ಬಾಳೆದಿಂಡಿನ ರಸವನ್ನೂ ಕುಡಿಸ್ತಿದ್ದೀವಿ. ಮೂರು ದಿನದಿಂದ ನೋವೇ ಇಲ್ಲ. ಕಲ್ಲು ಹೋಯಿತು ಅಂತಲಾ?

ಉತ್ತರ (ಯುರಾಲಜಿಸ್ಟ್): ಹಾಗಂತ ನಂಬಿ ಕೂರಬೇಡಿ, ಅಮ್ಮ. ಅಷ್ಟು ಜೋರು ನೋವು ಬರೋದು ಮುಖ್ಯವಾಗಿ ಕಲ್ಲು ಚುಚ್ಚಿ ಅಲ್ಲ, ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ನಾಳ ಕಟ್ಟಿಕೊಂಡು ಕಿಡ್ನಿಯೊಳಗೆ ಒತ್ತಡ ಏಕ್‌ದಂ ಏರೋದರಿಂದ. ಕಲ್ಲು ಅಲ್ಲೇ ಇದ್ದರೂ, ಸ್ವಲ್ಪ ದಿನಕ್ಕೆ ಆ ಕಿಡ್ನಿಯಲ್ಲಿ ಮೂತ್ರ ತಯಾರಾಗೋದು ತಗ್ಗುತ್ತೆ, ಒತ್ತಡ ಇಳಿಯುತ್ತೆ, ನೋವೂ ನಿಲ್ಲುತ್ತೆ. ಹೀಗೆ ಸದ್ದಿಲ್ಲದೆ ತಿಂಗಳುಗಟ್ಟಲೆ ಕಟ್ಟಿಕೊಂಡರೆ ಕಿಡ್ನಿ ಕೆಲಸವನ್ನೇ ಕಳೆದುಕೊಳ್ಳಬಹುದು. ಕಲ್ಲು ಕೈಗೆ ಸಿಗಬೇಕು, ಇಲ್ಲವೇ ಮತ್ತೆ ಸ್ಕ್ಯಾನ್ ಮಾಡಿಸಿ ಖಾತ್ರಿ ಆಗಬೇಕು.

5 ಮಿ.ಮೀ. ಒಳಗಿನ ಕಲ್ಲು ಬಹುಪಾಲು ತಾನಾಗೇ ಬೀಳುತ್ತೆ. 5ರಿಂದ 10ರ ನಡುವಿನದು ಸುಮಾರು ಅರ್ಧದಷ್ಟು ಜನರಿಗೆ ಬೀಳಬಹುದು. ಕೆಳತುದಿಗೆ ಬಂದಿರೋದು ನಿಮ್ಮ ಪಾಲಿಗೆ ಒಳ್ಳೆಯದೇ. ಬರೆದುಕೊಟ್ಟಿದ್ದರಲ್ಲಿ ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಇದ್ದರೆ ಅದು ನಾಳದ ಸ್ನಾಯುವನ್ನು ಸಡಿಲಿಸುವ ಮಾತ್ರೆ. ನೋವಿಲ್ಲ ಅಂತ ನಿಲ್ಲಿಸಬೇಡಿ. ಬಿ.ಪಿ. ಇಳಿದು ತಲೆ ಸುತ್ತಬಹುದು, ಹಾಸಿಗೆಯಿಂದ ನಿಧಾನವಾಗಿ ಏಳಲಿ. ಪ್ರತಿ ಸಲವೂ ಮೂತ್ರವನ್ನು ಟೀ ಸೋಸುವ ಜರಡಿಯಲ್ಲಿ ಸೋಸಿ. ಸಿಕ್ಕ ಕಲ್ಲನ್ನು ತೊಳೆದು, ಒಣಗಿಸಿ, ಡಬ್ಬಿಯಲ್ಲಿಟ್ಟು ಪರೀಕ್ಷೆಗೆ ಕೊಡಿ. ಮುಂದೆ ಏನು ತಿನ್ನಬೇಕು, ಯಾವ ಔಷಧಿ ಬೇಕು ಅನ್ನೋದು ಅದರಿಂದಲೇ ತೀರ್ಮಾನ ಆಗೋದು. ನಾಲ್ಕು ವಾರದೊಳಗೆ ಬೀಳದಿದ್ದರೆ ಯುರೆಟೆರೋಸ್ಕೋಪಿ ಮಾಡಿ, ಅಂದರೆ ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ಹಾಕಿ, ಲೇಸರ್‌ನಿಂದ ಪುಡಿ ಮಾಡಿ ತೆಗೀತೀವಿ.

ಚಳಿ-ಜ್ವರ ಬಂದರೆ ಮಾತ್ರ ಬೆಳಗಾಗೋವರೆಗೂ ಕಾಯಬೇಡಿ. ಕಟ್ಟಿಕೊಂಡ ಕಿಡ್ನಿಗೆ ಸೋಂಕು ತಗುಲಿದರೆ ಗಂಟೆಗಳಲ್ಲೇ ರಕ್ತಕ್ಕೆ ಹರಡಬಹುದು. ಆಂಟಿಬಯಾಟಿಕ್ ಒಂದೇ ಸಾಲದು, ಸ್ಟೆಂಟ್ (ನಾಳದೊಳಗೆ ಇಡುವ ತೆಳು ಕೊಳವೆ) ಹಾಕಿಯೋ ಬೆನ್ನಿನಿಂದ ಟ್ಯೂಬ್ ಇಟ್ಟೋ ಮೂತ್ರ ಹೊರಗೆ ಹರಿಸಲೇಬೇಕು. ಮೂತ್ರ ಪೂರ್ತಿ ನಿಂತರೆ, ವಾಂತಿಯಿಂದ ನೀರೂ ನಿಲ್ಲದಿದ್ದರೆ ಆಗಲೂ ತಕ್ಷಣ ಹೋಗಿ.

ಬಾಳೆದಿಂಡು ಪಲ್ಯ, ಕೋಸಂಬರಿಗೆ ಚೆನ್ನ. ಕಲ್ಲು ಕರಗಿಸುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ಔಷಧಿ ಯಾವ ಪದ್ಧತಿಯಲ್ಲೂ ಸಾಬೀತಾಗಿಲ್ಲ. ಮಾತ್ರೆಯಿಂದ ಚೆನ್ನಾಗಿ ಕರಗೋದು ಯೂರಿಕ್ ಆಸಿಡ್ ಕಲ್ಲು, ಅದಕ್ಕೆ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಪಿಎಚ್ (ಹುಳಿಯ ಅಳತೆ) 6.5ರ ಆಸುಪಾಸು ಇಡ್ತೀವಿ.

ಪ್ರಶ್ನೆ: ಕ್ಯಾಲ್ಸಿಯಂ ಕಲ್ಲು ಇರಬಹುದು ಅಂತ ಹಾಲು-ಮೊಸರು ಬಿಡಿಸಿದ್ದೀವಿ, ಟೊಮೆಟೊನೂ ಹಾಕ್ತಿಲ್ಲ. ಸೊಪ್ಪಿನ ಬಸ್ಸಾರು ಮಾತ್ರ ವಾರಕ್ಕೆ ಎರಡು ಸಲ ಮಾಡ್ತೀವಿ.

ಉತ್ತರ (ಡಯಟಿಷಿಯನ್): ಇದು ಪೂರ್ತಿ ತಿರುಗುಮುರುಗಾಗಿದೆ, ಮೇಡಂ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು (ಕೆಲವು ಸೊಪ್ಪು-ತರಕಾರಿಗಳಲ್ಲಿದ್ದು, ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಅಂಶ) ಹಿಡಿದು ಮಲದಲ್ಲಿ ಹೊರಗೆ ಹಾಕುತ್ತೆ. ಹಾಲು-ಮೊಸರು ನಿಲ್ಲಿಸಿದರೆ ಆಕ್ಸಲೇಟ್ ರಕ್ತಕ್ಕೆ ಹೀರಿಕೊಂಡು ಮೂತ್ರಕ್ಕೆ ಬರುತ್ತೆ, ಕಲ್ಲಿನ ಸಾಧ್ಯತೆ ಹೆಚ್ಚುತ್ತೆ. ಊಟಕ್ಕೆ ಮೊಸರು ಇರಲೇಬೇಕು. ಟೊಮೆಟೊದಲ್ಲಿ ಆಕ್ಸಲೇಟ್ ಕಡಿಮೆ, ಧಾರಾಳವಾಗಿ ಹಾಕಿ.

ಯೋಚಿಸಬೇಕಾದ್ದು ಬಸ್ಸಾರಿನ ಬಗ್ಗೆ. ಪಾಲಕ್, ದಂಟು, ಹರಿವೆಯಲ್ಲಿ ಆಕ್ಸಲೇಟ್ ಹೆಚ್ಚು. ಬೇಯಿಸಿದಾಗ ಅದರಲ್ಲಿ ಒಳ್ಳೆಯ ಪಾಲು ನೀರಿಗೆ ಇಳಿಯುತ್ತೆ, ನಾವು ಬಸಿದ ಆ ಕಟ್ಟನ್ನೇ ಸಾರಿಗೆ ಹಾಕ್ತೀವಿ! ಸೊಪ್ಪನ್ನು ಬೇರೆ ಬೇಯಿಸಿ ಆ ನೀರು ಚೆಲ್ಲಿ, ಬೇಳೆ ಬೇಯಿಸಿದ ಕಟ್ಟಿನಲ್ಲಿ ಸಾರು ಮಾಡಿ. ಮೆಂತ್ಯ ಸೊಪ್ಪಾದರೆ ಇಷ್ಟು ಚಿಂತೆ ಇಲ್ಲ. ಬಿಂಬುಳಿ ಅನ್ನೋ ಹುಳಿ ಕಾಯಿಯ ರಸವನ್ನಂತೂ ಔಷಧಿ ಅಂತ ಲೋಟಗಟ್ಟಲೆ ಕುಡಿಸಬೇಡಿ, ಆಕ್ಸಲೇಟ್ ತುಂಬಿ ಕಿಡ್ನಿಯೇ ಫೇಲ್ ಆದ ಪ್ರಕರಣಗಳು ಕೇರಳದಿಂದ ವರದಿಯಾಗಿವೆ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳದ್ದೂ ಅದರಲ್ಲೇ ಲೆಕ್ಕ. ಉಪ್ಪಿನಲ್ಲಿರುವ ಸೋಡಿಯಂ ಹೊರಗೆ ಹೋಗುವಾಗ ಕ್ಯಾಲ್ಸಿಯಮ್ಮನ್ನೂ ಮೂತ್ರಕ್ಕೆ ಎಳೆದುಕೊಂಡು ಹೋಗುತ್ತೆ. ನೀರನ್ನು ಕುಡಿದ ಲೆಕ್ಕದಲ್ಲಿ ಅಲ್ಲ, ಹೋದ ಲೆಕ್ಕದಲ್ಲಿ ನೋಡಿ: ಒಂದು ಭಾನುವಾರ ಬೆಳಗ್ಗೆಯಿಂದ ಮರುದಿನ ಬೆಳಗ್ಗೆವರೆಗೆ ಮೂತ್ರವನ್ನು ಅಳತೆ ಪಾತ್ರೆಯಲ್ಲಿ ಅಳೆಯಲಿ, 2.5 ಲೀಟರ್ ಇರಬೇಕು. ಮಲಗೋ ಮುಂಚೆ ಒಂದು ಲೋಟ ತಪ್ಪಿಸಬಾರದು, ರಾತ್ರಿಯೇ ಮೂತ್ರ ಗಟ್ಟಿಯಾಗೋದು. ಸಕ್ಕರೆ-ಉಪ್ಪಿಲ್ಲದ ನಿಂಬೆ ನೀರಿನಿಂದ ಕಲ್ಲು ಕಟ್ಟೋದನ್ನು ತಡೆಯುವ ಸಿಟ್ರೇಟ್ ಸಿಗುತ್ತೆ.

ಯುರಾಲಜಿಸ್ಟ್: ಒಂದು ಸೇರಿಸ್ತೀನಿ. ಈ ನೀರಿನ ಲೆಕ್ಕ ಮುಂದೆ ಕಲ್ಲು ಆಗದಿರಲಿ ಅಂತ. ನೋವು ಕೆರಳಿದ ಹೊತ್ತಿನಲ್ಲಿ ಬಲವಂತವಾಗಿ ಕುಡಿಸಿದರೆ ಕಲ್ಲು ತಳ್ಳಿಕೊಂಡು ಬರಲ್ಲ, ವಾಂತಿ ಹೆಚ್ಚುತ್ತೆ ಅಷ್ಟೆ. ಆಗ ಬಾಯಾರಿದಷ್ಟು ಕುಡಿದರೆ ಸಾಕು.

ಪ್ರಶ್ನೆ (ಇನ್ನೊಬ್ಬರು): ಸರ್, ಅಣ್ಣನಿಗೆ ಲೇಸರ್ ಆದಮೇಲೆ ಡಿ.ಜೆ. ಸ್ಟೆಂಟ್ ಹಾಕಿದ್ದಾರೆ. ಓಡಾಡಿದರೆ ಮೂತ್ರ ಕೆಂಪಗಾಗುತ್ತೆ.

ಉತ್ತರ (ಯುರಾಲಜಿಸ್ಟ್): ತಿಳಿಗೆಂಪು ಬಣ್ಣ, ಪದೇ ಪದೇ ಹೋಗಬೇಕು ಅನ್ನಿಸೋದು, ಮೂತ್ರ ಮಾಡುವಾಗ ಪಕ್ಕೆ ಹಿಡಿಯೋದು ಸ್ಟೆಂಟ್ ಇರೋವರೆಗೂ ಸಾಮಾನ್ಯ. ಹೆಪ್ಪುಗಟ್ಟಿದ ರಕ್ತ ಬಂದರೆ, ಜ್ವರ ಬಂದರೆ ತೋರಿಸಿ. ಡಿಸ್ಚಾರ್ಜ್ ಕಾರ್ಡ್ ತೆಗೆದು ಸ್ಟೆಂಟ್ ತೆಗೆಸುವ ತಾರೀಖು ಇವತ್ತೇ ನೋಡಿ. ಬರೆದಿರದಿದ್ದರೆ ಫೋನ್ ಮಾಡಿ ಕೇಳಿ. ಆರಾಮಾಗಿದೆ ಅಂತ ವರ್ಷಗಟ್ಟಲೆ ಮರೆತರೆ ಸ್ಟೆಂಟ್ ಮೇಲೆಯೇ ಕಲ್ಲು ಕಟ್ಟುತ್ತೆ, ಅದನ್ನು ತೆಗೆಯೋದು ಮೊದಲಿನ ಆಪರೇಷನ್‌ಗಿಂತ ಕಷ್ಟ.