ಹೊಸ ಸ್ಪಾರ್ಕ್ ಪ್ಲಗ್ ಹಾಕಿದರೂ ಓಮ್ನಿ ಮತ್ತೆ ಮತ್ತೆ ಮಿಸ್ ಹೊಡೀತಿದೆ, ಎಲ್ಲಿ ಹುಡುಕೋದು?

ಕ್ಯಾತ್ಸಂದ್ರ_ವ್ಯಾನ್
ಹಳೇ ಕಾರ್ಬೊರೇಟರ್ ಓಮ್ನಿ, 796 ಸಿಸಿ, ಮೂರು ಸಿಲಿಂಡರ್. ಆಮೇಲೆ ಹಾಕಿಸಿದ ಎಲ್‌ಪಿಜಿ ಕಿಟ್ ಇದೆ. ಸ್ಟಾರ್ಟಿಂಗ್, ಐಡ್ಲಿಂಗ್ ಎರಡೂ ಚೆನ್ನಾಗಿವೆ. ಮನೆಯವರೆಲ್ಲ ಕೂತು ದೇವರಾಯನದುರ್ಗದ ಏರು ಹತ್ತುವಾಗ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದರೆ ಜರ್ಕ್, ಸೈಲೆನ್ಸರಲ್ಲಿ ಪಟ್ ಪಟ್. ಗ್ಯಾಸಲ್ಲಿ ಜಾಸ್ತಿ, ಪೆಟ್ರೋಲಲ್ಲಿ ಕಮ್ಮಿ. ಪ್ಲಗ್ ಬದಲಾಯಿಸಿದರೆ ಎರಡು ತಿಂಗಳು ಸುಮ್ಮನಿರುತ್ತೆ, ಆಮೇಲೆ ಅದೇ ಕಥೆ. ಮೆಕ್ಯಾನಿಕ್ ಕಾರ್ಬೊರೇಟರೇ ಹೊಸದು ಹಾಕಿ ಅಂತಿದ್ದಾರೆ. ಹಾಕಿಸಲಾ?

ಹಳೇ_ಪಾನಾ
ಕಾರ್ಬೊರೇಟರಿಗೆ ದುಡ್ಡು ಸುರೀಬೇಡಿ ಸಾರ್. ಗ್ಯಾಸಲ್ಲಿ ಓಡುವಾಗ ಅದರ ಜೆಟ್‌ಗಳಿಗೆ (ಪೆಟ್ರೋಲ್ ಬರೋ ಸಣ್ಣ ತೂತುಗಳು) ಕೆಲಸವೇ ಇಲ್ಲ, ಆದರೂ ಮಿಸ್ಸಿಂಗ್ (ಆಗಾಗ ಒಂದು ಸಿಲಿಂಡರ್ ಉರಿಯದಿರೋದು) ಅಲ್ಲೇ ಜಾಸ್ತಿ. ಎರಡರಲ್ಲೂ ಬರುತ್ತೆ ಅಂದ್ರೆ ಮೊದಲು ಕರೆಂಟ್ ನೋಡಿ, ಆಮೇಲೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ).

ಹೊಸ ಪ್ಲಗ್ಗಿಗೆ ಸರಿಹೋಗೋದೇ ದೊಡ್ಡ ಸುಳಿವು. ಅದರ ತುದಿ ಚೂಪಾಗಿರುತ್ತೆ, ಕಮ್ಮಿ ವೋಲ್ಟೇಜಿಗೂ ಕಿಡಿ ಹಾರುತ್ತೆ. ತುದಿ ಸವೆದು ಗ್ಯಾಪ್ ಅಗಲವಾದಂತೆ ಹೆಚ್ಚು ವೋಲ್ಟೇಜ್ ಬೇಕು. ಲೋಡ್ ಬಿದ್ದು ಸಿಲಿಂಡರಲ್ಲಿ ಒತ್ತಡ ಏರಿದಾಗ ಇನ್ನೂ ಬೇಕು, ಗ್ಯಾಸಿಗಂತೂ ಪೆಟ್ರೋಲಿಗಿಂತ ಹೆಚ್ಚು. ಆಗ ಕರೆಂಟು ಪ್ಲಗ್ಗಿಗೆ ಹೋಗೋ ಬದಲು ಬಿರುಕು ಬಿಟ್ಟ ವೈರಲ್ಲೋ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಭಾಗ) ಕ್ಯಾಪಲ್ಲೋ ದಾರಿ ಮಾಡಿಕೊಂಡು ಇಂಜಿನ್ ಲೋಹಕ್ಕೆ ಇಳಿದುಬಿಡುತ್ತೆ.

ಕತ್ತಲಾದ ಮೇಲೆ ಸೀಟೆತ್ತಿ, ಗ್ಯಾಸ್ ವಾಲ್ವ್ ಮುಚ್ಚಿ, ಪೆಟ್ರೋಲಲ್ಲಿ ಇಂಜಿನ್ ಓಡಿಸಿ. ಪ್ಲಗ್ ವೈರುಗಳ ಮೇಲೆ ಸ್ಪ್ರೇ ಬಾಟಲಿಂದ ತೆಳ್ಳಗೆ ನೀರು ಹೊಡೆದರೆ ಸೋರೋ ಕಡೆ ನೀಲಿ ಕಿಡಿ ಕಾಣುತ್ತೆ. ವೈರು ಮುಟ್ಟಬೇಡಿ. ಗ್ಯಾಸ್ ಅಥವಾ ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆಯೇ ಬೇಡ. ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಟಾರ್ಚ್ ಹಿಡಿದು ನೋಡಿ: ಟರ್ಮಿನಲ್‌ಗಳ ನಡುವೆ ಪೆನ್ಸಿಲ್ ಗೆರೆಯಂಥ ಕಪ್ಪು ಗೆರೆ ಇದೆಯಾ, ನಡುವಿನ ಕಾರ್ಬನ್ ಕಡ್ಡಿ ಸವೆದಿದೆಯಾ? ಒಳಗೆ ಆಯಿಲ್ ಜಿಡ್ಡಿದ್ದರೆ ಡಿಸ್ಟ್ರಿಬ್ಯೂಟರ್ ಸೀಲ್ ಹೋಗಿದೆ, ಅದನ್ನು ಬಿಟ್ಟು ಕ್ಯಾಪ್ ಮಾತ್ರ ಹಾಕಿದರೆ ವ್ಯರ್ಥ. ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟ್ ಕಡಿದು ಕೂಡಿಸೋ ಸ್ವಿಚ್) ಇರೋ ಗಾಡಿಯಾದರೆ ಅದರ ಗ್ಯಾಪ್ 0.4ರಿಂದ 0.5 ಮಿ.ಮೀ. ಇರಲಿ. ಗ್ಯಾಸಿಗೆ ಪ್ಲಗ್ ಗ್ಯಾಪ್ 0.7 ಸಾಕು.

ಶಿರಾಗೇಟ್_ಗ್ಯಾರೇಜ್
ಮೇಲಿನದು ಸರಿ. ಯಾವ ಸಿಲಿಂಡರ್ ಅಂತ ಮೊದಲು ಗೊತ್ತಾಗಲಿ. ಐಡ್ಲಿಂಗಲ್ಲಿ ಒಂದೊಂದೇ ವೈರ್ ಕೀಳೋ ಟೆಸ್ಟು ಇಲ್ಲಿ ಅಷ್ಟು ಪ್ರಯೋಜನಕ್ಕೆ ಬರಲ್ಲ, ನಿಮ್ಮದು ಲೋಡಲ್ಲಿ ಮಾತ್ರ ಬರೋದು. ಏರಲ್ಲಿ ಮಿಸ್ ಹೊಡೀತಿರುವಾಗಲೇ ಪಕ್ಕಕ್ಕೆ ಹಾಕಿ ಆಫ್ ಮಾಡಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಒಂದು ಮಾತ್ರ ಬೇರೆ ಥರ ಇದ್ದರೆ ಅದನ್ನು ಪಕ್ಕದ ಸಿಲಿಂಡರಿಗೆ ಹಾಕಿ ಓಡಿಸಿ. ಮಿಸ್ಸಿಂಗ್ ಪ್ಲಗ್ ಜೊತೆ ಹೋದರೆ ಪ್ಲಗ್ಗೇ ಕೆಟ್ಟಿದೆ, ಅಲ್ಲೇ ಉಳಿದರೆ ವೈರು, ಕ್ಯಾಪು ಅಥವಾ ವಾಲ್ವ್.

ಟ್ಯಾಪೆಟ್ (ವಾಲ್ವ್ ಒತ್ತಿ ತೆರೆಯೋ ಭಾಗ) ಶಬ್ದ ಇಲ್ಲ ಅಂತ ಖುಷಿಪಡಬೇಡಿ. ಗ್ಯಾಸಲ್ಲಿ ಓಡಿದ ಇಂಜಿನ್ನಲ್ಲಿ ವಾಲ್ವ್ ಸೀಟ್ ಸವೆದು ಟ್ಯಾಪೆಟ್ ಗ್ಯಾಪ್ ಮುಚ್ಚಿಕೊಳ್ಳುತ್ತೆ. ಟೈಟಾದ ಟ್ಯಾಪೆಟ್ ಸದ್ದೇ ಮಾಡಲ್ಲ, ಸುಮ್ಮನೆ ವಾಲ್ವ್ ಸುಡುತ್ತೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ 0.15 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಆಡುತ್ತಾ ನೋಡಿ. ಕಂಪ್ರೆಷನ್ ಅಳೆಯುವಾಗ ಮೂರೂ ಪ್ಲಗ್ ಬಿಚ್ಚಿ, ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡೋ ಭಾಗ) ವೈರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು. ಒಂದರಲ್ಲಿ ಕಮ್ಮಿ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಕ್ಯಾತ್ಸಂದ್ರ_ವ್ಯಾನ್
ಪ್ಲಗ್ ಅದಲುಬದಲು ಮಾಡಿದರೂ ಮಿಸ್ಸಿಂಗ್ 2ನೇ ಸಿಲಿಂಡರಲ್ಲೇ ನಿಂತಿದೆ. ಕಂಪ್ರೆಷನ್ ಮೂರೂ ಹತ್ತಿರ ಹತ್ತಿರ. ಆದರೆ 2ರ ವೈರು ಬಗ್ಗಿಸಿದರೆ ಮಲ್ಟಿಮೀಟರ್ ಓಪನ್ (ಒಳಗೆ ತುಂಡಾದಂತೆ) ತೋರಿಸುತ್ತೆ, ಕ್ಯಾಪಲ್ಲಿ 2 ಮತ್ತು 3ರ ನಡುವೆ ಕಪ್ಪು ಗೆರೆ ಇದೆ. ಗೆರೆಯನ್ನು ಮರಳು ಕಾಗದದಲ್ಲಿ ಉಜ್ಜಿದರೆ ನಡೆಯುತ್ತಾ?

ಹಳೇ_ಪಾನಾ
ನಡೆಯಲ್ಲ. ಅದು ಮಸಿಯಲ್ಲ, ಕ್ಯಾಪೇ ಸುಟ್ಟು ಕರಿಯಾಗಿರೋದು. ಉಜ್ಜಿದರೆ ಒರಟಾಗಿ ಧೂಳು, ತೇವ ಹಿಡಿದು ಅದೇ ದಾರೀಲಿ ಮತ್ತೆ ಹಾರುತ್ತೆ. ಕ್ಯಾಪ್, ರೋಟರ್ (ಕ್ಯಾಪ್ ಒಳಗೆ ತಿರುಗೋ ತುಂಡು), ಕಾಯಿಲ್ ವೈರೂ ಸೇರಿ ನಾಲ್ಕು ವೈರಿನ ಸೆಟ್ ಒಟ್ಟಿಗೆ ತನ್ನಿ, ತುಮಕೂರಿನ ಬಿ.ಎಚ್. ರಸ್ತೆಯ ಸ್ಪೇರ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹಳೇ ವೈರು ಕೀಳೋ ಮುಂಚೆ ನಂಬರ್ ಬರೆದು ಟೇಪ್ ಸುತ್ತಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹಾರೋ ಸರದಿ) 1-3-2, ಎರಡು ವೈರು ಅದಲುಬದಲಾದರೆ ಬ್ಯಾಕ್‌ಫೈರ್ ಹೊಡೆಯುತ್ತೆ.