ಎರಡೂವರೆ ವರ್ಷದ ಮಗುವಿಗೆ ಓದಿ ಹೇಳೋದು: ಅನುಭವ ಇರೋರು ತಿಳಿಸಿ

ಪ್ರಶ್ನೆ (ಪುಣೆಯಿಂದ):
ಮಗಳಿಗೆ ಎರಡೂವರೆ ವರ್ಷ. ಹೊರಗೆಲ್ಲ ಮರಾಠಿ, ಹಿಂದಿ. ಕನ್ನಡ ಅವಳ ಕಿವಿಗೆ ಬೀಳೋದು ಮನೆಯಲ್ಲಷ್ಟೇ. ರಾತ್ರಿ ಕಥೆ ಪುಸ್ತಕ ಹಿಡಿದು ಕೂತರೆ ಎರಡು ಸಾಲು ಮುಗಿಯೋದರೊಳಗೆ ಪುಟ ತಿರುಗಿಸಿಬಿಡ್ತಾಳೆ. ಇಲ್ಲಾಂದ್ರೆ ನಿನ್ನೆ ಓದಿದ್ದೇ ಬೇಕು ಅಂತ ಹಟ. ಜೊತೆಗೆ ಪುಸ್ತಕದಲ್ಲಿ 'ಹೋಗುತ್ತಿದ್ದನು' ಅಂತಿರುತ್ತೆ, ನಾವ್ಯಾರೂ ಹಾಗೆ ಮಾತಾಡಲ್ಲ. ಹೀಗೆ ಓದೋದ್ರಿಂದ ಏನಾದ್ರೂ ಉಪಯೋಗ ಇದ್ಯಾ?

ಇಬ್ಬರು ಮಕ್ಕಳ ತಾಯಿ, ಮೈಸೂರು:
ತಿರುಗಿಸಲಿ ಬಿಡಿ. ಸಾಲು ಮುಗಿಸಲೇಬೇಕು ಅನ್ನೋದು ನಮ್ಮ ಚಟ, ಅವರದ್ದಲ್ಲ. ನಮ್ಮ ಚಿಕ್ಕವನ ಒಂದು ಪುಸ್ತಕದಲ್ಲಿ ಅಡುಗೆಮನೆ ಚಿತ್ರ ಇತ್ತು. ಒಲೆ, ಸೌಟು, ಒಗ್ಗರಣೆ ಡಬ್ಬಿ, ಬಾಗಿಲ ಮೂಲೇಲಿ ಒಂದು ಬೆಕ್ಕಿನ ಬಾಲ. ಕಥೆಗೂ ಬೆಕ್ಕಿಗೂ ಸಂಬಂಧವೇ ಇಲ್ಲ, ಆದ್ರೆ ಅವನ ಬೆರಳು ನೇರ ಬಾಲದ ಮೇಲೆ. "ಎಲ್ಲಿಗೋಯ್ತೋ ಬೆಕ್ಕು?" ಅಂದ್ರೆ "ಹಾಲು ಕುಡಿಯಕ್ಕೆ." "ಯಾರ ಹಾಲು?" "ಅಜ್ಜೀದು!" ಅಜ್ಜಿ ಒಳಗಿಂದ "ನನ್ನ ಕಾಫಿಗೆ ಏನು ಮಾಡ್ಲಪ್ಪಾ" ಅಂತ ಕೂಗಬೇಕು, ಇಲ್ದಿದ್ರೆ ಪುಟ ಮುಂದಕ್ಕೆ ಹೋಗಲ್ಲ. ಅಚ್ಚಾದ ಕಥೆ ಅಲ್ಲೇ ಉಳೀತಿತ್ತು. ನನಗೇನೂ ಬೇಜಾರಿಲ್ಲ, ಆ ಕಥೆ ಅಷ್ಟು ಚೆನ್ನಾಗೂ ಇರಲಿಲ್ಲ.

ಮೊಮ್ಮಗನ ಅಜ್ಜ, ಧಾರವಾಡ:
ನಮ್ಮ ಮನ್ಯಾಗ ಮಾತು ಪೂರಾ ಈ ಕಡೀದು. ಆದ್ರೂ ಓದುವಾಗ ಪುಸ್ತಕದಾಗ ಹೆಂಗ್ ಐತಿ ಹಂಗ ಓದ್ತೇನಿ. 'ಹೋಗುತ್ತಿದ್ದನು' ಅಂತ ಓದಿ, "ಹೊಂಟಿದ್ದ ನೋಡಪಾ" ಅಂತ ನಮ್ಮ ಮಾತು ಸೇರಸ್ತೇನಿ. ಮುಂದ ಸಾಲ್ಯಾಗ ಪುಸ್ತಕ ತಗದಾಗ ಆ ಭಾಷಾ ಪರಕೀ ಅನಸಬಾರದು. ಮೊನ್ನೆ ಓಣ್ಯಾಗಿನ ನಾಯಿ ಅವನ ಬಿಸ್ಕಿಟ್ ಕಸಗೊಂಡ್ತು. "ಎಲೈ ದುಷ್ಟನೇ!" ಅಂದ. ನಮ್ಮ ಮನ್ಯಾಗ ಯಾರೂ ಹಂಗ ಬಯ್ಯೂದಿಲ್ಲರಿ.

ಶಿಶುವಿಹಾರದ ಟೀಚರ್, ಬೆಂಗಳೂರು:
ಅಜ್ಜಾವ್ರು ಹೇಳಿದ್ದಕ್ಕೆ ನನ್ನದು ಅರ್ಧ ಒಪ್ಪಿಗೆ. ನಾಲ್ಕರ ನಂತರ ಇದ್ದದ್ದು ಇದ್ದ ಹಾಗೇ ಓದಿ. ಎರಡೂವರೆಯಲ್ಲಿ ಕ್ರಿಯಾಪದದ ಬಾಲ ಕತ್ತರಿಸಿ 'ಹೋಗ್ತಿದ್ದ' ಅಂತ ಓದಿದ್ರೆ ನಷ್ಟವಿಲ್ಲ. ಆದರೆ ಹೊಸ ಪದ ಬಂದಾಗ ಅದನ್ನ ಮಾತ್ರ ಬದಲಾಯಿಸಬೇಡಿ. ಪುಸ್ತಕದಲ್ಲಿ 'ಪೊಟರೆ' ಅಂತಿದ್ದರೆ ಪೊಟರೆ ಅಂತಲೇ ಓದಿ, ಚಿತ್ರ ತೋರಿಸಿ. 'ತೂತು' ಅಂತ ಸುಲಭ ಮಾಡಿದ್ರೆ ಪುಣೆಯಲ್ಲಿ ಆ ಪದ ಅವಳಿಗೆ ಬೇರೆ ಯಾರು ಹೇಳ್ತಾರೆ? ಮನೆಯಲ್ಲಿ ನಾವು ಮಕ್ಕಳ ಜೊತೆ ಆಡೋದು ಬಾ, ತಿನ್ನು, ಬೇಡ, ಚಪ್ಪಲಿ ಹಾಕ್ಕೋ, ಅಷ್ಟೇ. 2015ರಲ್ಲಿ ಅಮೆರಿಕದ ಸಂಶೋಧಕರು 100 ಇಂಗ್ಲಿಷ್ ಚಿತ್ರಪುಸ್ತಕಗಳನ್ನ ದೊಡ್ಡವರು ಮಕ್ಕಳೊಂದಿಗೆ ಆಡುವ ಮಾತಿನ ಜೊತೆ ಹೋಲಿಸಿದ್ದರು. ಹೆಚ್ಚು ಬಗೆಯ ಪದ ಸಿಕ್ಕಿದ್ದು ಪುಸ್ತಕದಲ್ಲೇ.

ಇನ್ನು ನಿನ್ನೆಯ ಪುಸ್ತಕವೇ ಬೇಕು ಅನ್ನೋದು. ಖುಷಿಯಿಂದ ಓದಿ! ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2011ರಲ್ಲಿ ಮೂರು ವರ್ಷದವರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಅದೇ ಕಥೆ ಮತ್ತೆ ಮತ್ತೆ, ಇನ್ನೊಂದಕ್ಕೆ ಬೇರೆ ಬೇರೆ ಕಥೆ ಓದಿದರು. ಹೊಸ ಪದ ಎರಡೂ ಕಡೆ ಅಷ್ಟೇ ಸಲ ಬರೋ ಹಾಗೆ ನೋಡಿಕೊಂಡಿದ್ದರು. ಪದ ಚೆನ್ನಾಗಿ ಕಲಿತಿದ್ದು ಅದೇ ಕಥೆ ಕೇಳಿದವರು. ಕಥೆ ಗೊತ್ತಿದ್ದರೆ ಮಗುವಿನ ಗಮನ ಪದದ ಕಡೆ ತಿರುಗುತ್ತೆ ಅಂತ ನಾನು ಅಂದುಕೊಂಡಿದ್ದೀನಿ. ಬೇಜಾರಾಗೋದು ಓದೋರಿಗೇ, ಅದು ನಿಜ.

ಮೈಸೂರಿನವರು ಬೆಕ್ಕಿನ ಬಾಲ ಹಿಡಿದು ಮಾಡಿದ್ದನ್ನ 1988ರಲ್ಲಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ನಿಮ್ಮ ಮಗಳ ವಯಸ್ಸಿನವರೇ, 21ರಿಂದ 35 ತಿಂಗಳಿನವರು. ಬರೀ ಓದದೆ, ಪ್ರಶ್ನೆ ಕೇಳಿ ಮಗು ಹೇಳಿದ್ದನ್ನ ಬೆಳೆಸುವ ಕ್ರಮವನ್ನ ತಂದೆತಾಯಿಗೆ ಕಲಿಸಿದರು. ಒಂದು ತಿಂಗಳಲ್ಲೇ ಆ ಮಕ್ಕಳು ಮಾತಿನಲ್ಲಿ ಮುಂದೆ ಹೋಗಿದ್ದರು. ಹಾಗಂತ "ಇದೇನು ಬಣ್ಣ? ಎಷ್ಟಿದೆ?" ಅಂತ ಪರೀಕ್ಷೆಗೆ ಕೂರಿಸಬೇಡಿ. ಮಗು ಪುಸ್ತಕ ಮುಚ್ಚಿ ಎದ್ದು ಹೋಗುತ್ತೆ, ನಾನಾದ್ರೂ ಹೋಗ್ತಿದ್ದೆ.

ಹುಬ್ಬಳ್ಳಿಯ ಅಪ್ಪ:
ಪುಣೆಯಲ್ಲಿ ಕನ್ನಡ ಪುಸ್ತಕ ಸಿಗೋದು ಕಷ್ಟ ಅಂದ್ರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟ್ ನೋಡಿ. 2015ರಿಂದ ಇದೆ, ಪುಕ್ಕಟೆ, ಹಂತ ಒಂದರ ಪುಸ್ತಕಗಳಲ್ಲಿ ಪುಟಕ್ಕೆ ಒಂದೆರಡು ಸಾಲಷ್ಟೇ. ಫೋನಲ್ಲಿ ಓದಿದರೆ ಅವಳ ಕೈ ಯೂಟ್ಯೂಬಿಗೆ ಹೋಗುತ್ತೆ, ಅದಕ್ಕೆ ಪ್ರಿಂಟ್ ಹಾಕಿಸಿ ಪಿನ್ ಹೊಡೆದು ಕೊಡಿ. ಹರಿದರೆ ಇನ್ನೊಂದು. ಗದ್ಯ ಒಗ್ಗದಿದ್ದರೆ ಪಂಜೆ, ರಾಜರತ್ನಂ ಅವರ ಶಿಶುಪದ್ಯ ಶುರು ಮಾಡಿ. ಪ್ರಾಸದ ಕೊನೇ ಪದ ನೀವು ಬಾಯಿಬಿಡದೆ ನಿಲ್ಲಿಸಿ, ಅವಳೇ ಹೇಳ್ತಾಳೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ರಾತ್ರಿ ಅವಳಿಗೂ ನಿದ್ದೆ, ನನಗೂ ಸುಸ್ತು. ಮಲಗೋ ಹೊತ್ತಲ್ಲೇ ಓದಬೇಕಾ?

ಶಿಶುವಿಹಾರದ ಟೀಚರ್:
ಏನಿಲ್ಲ. ಬೆಳಗ್ಗೆ ಹಾಲು ಕುಡಿಯುವಾಗ, ಸ್ನಾನಕ್ಕೆ ನೀರು ಕಾಯುವಾಗ, ಐದು ನಿಮಿಷ ಸಾಕು. ಪುಸ್ತಕ ಕಪಾಟಿನ ಮೇಲಲ್ಲ, ಅವಳ ಕೈಗೆ ಎಟುಕೋ ಬುಟ್ಟಿಯಲ್ಲಿಡಿ. ಅವಳಪ್ಪನಿಗೂ ಒಂದು ಪಾಳಿ ಕೊಡಿ, ಹುಲಿಯ ದನಿ ಅವರಿಗೇ ಚೆನ್ನಾಗಿ ಬರಬಹುದು.